ಶೆಲ್‌ಚೆಕ್: ಸ್ಟಾರ್ಟಪ್ ಸ್ಕ್ರಿಪ್ಟ್ ತಿದ್ದುವವರಿಗೆ ಎಷ್ಟು ಉಪಯುಕ್ತ?

ಲಿನಕ್ಸ್ ಸರ್ವರ್‌ಗಳಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ ಹೊಣೆಯನ್ನು ಈಗ ಬಹುಮಟ್ಟಿಗೆ ಸಿಸ್ಟಂಡಿ ಎಂಬ ವ್ಯವಸ್ಥೆ ವಹಿಸಿಕೊಂಡಿದೆ; ಲಿನಕ್ಸ್‌ನ ಪ್ರಮುಖ ವಿತರಣೆಗಳಲ್ಲೊಂದಾದ ಡೆಬಿಯನ್ ಕೂಡ 2015ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಅದನ್ನೇ ಡೀಫಾಲ್ಟ್ ಆಗಿ ಕೊಡುತ್ತಿದೆ. ಹಾಗಿದ್ದರೂ ಕಂಪನಿಗಳ ಒಳಗೇ ಬರೆದಿಟ್ಟ ಹಳೆಯ ಇನಿಟ್ ಸ್ಕ್ರಿಪ್ಟ್‌ಗಳು (ಸರ್ವಿಸ್ ಶುರು ಮಾಡುವ, ನಿಲ್ಲಿಸುವ ಆಜ್ಞೆಗಳ ಫೈಲ್‌ಗಳು), ಒಂದೊಂದು ಸರ್ವಿಸ್ ಅನ್ನು ವಿವರಿಸುವ ಸಿಸ್ಟಂಡಿಯ ಯೂನಿಟ್ ಫೈಲ್‌ಗಳೇ ಕರೆಯುವ ಶೆಲ್ ಸ್ಕ್ರಿಪ್ಟ್‌ಗಳು ಇನ್ನೂ ಧಾರಾಳವಾಗಿ ಬಳಕೆಯಲ್ಲಿವೆ. ಯಂತ್ರ ಬೂಟ್ ಆಗುವಾಗ, ಯಾರೂ ಪರದೆಯ ಮುಂದೆ ಕೂತಿರದ ಹೊತ್ತಿನಲ್ಲಿ, ಹೆಚ್ಚಾಗಿ ರೂಟ್ (ಯಂತ್ರದ ಮೇಲೆ ಪೂರ್ಣ ಹಿಡಿತವಿರುವ ಬಳಕೆದಾರ) ಅಧಿಕಾರದಲ್ಲಿಯೇ ಓಡುವ ಇವುಗಳ ದೋಷಗಳನ್ನು ಹುಡುಕಿ ತಿದ್ದುವುದಕ್ಕೆ, ಶೆಲ್ ಸ್ಕ್ರಿಪ್ಟ್‌ಗಳನ್ನು ಓದಿ ತಪ್ಪು ತೋರಿಸುವ ಶೆಲ್‌ಚೆಕ್ ಎಂಬ ಟೂಲ್ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವ್ಯಾಪ್ತಿ.

ವಿದಾರ್ ಹೋಲೆನ್ ಅವರು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಈ ಟೂಲ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ಆವೃತ್ತಿಯಡಿ ಉಚಿತವಾಗಿ ಸಿಗುತ್ತದೆ. ಇದು ಸ್ಕ್ರಿಪ್ಟ್ ಅನ್ನು ಓಡಿಸುವುದಿಲ್ಲ, ಬರಿದೇ ಓದುತ್ತದೆ; ಆದ್ದರಿಂದ ಚಾಲ್ತಿಯಲ್ಲಿರುವ ಸರ್ವರ್‌ನ ಸ್ಕ್ರಿಪ್ಟ್ ಮೇಲೂ ಧೈರ್ಯವಾಗಿ ಪ್ರಯೋಗಿಸಬಹುದು. ಜಾಲತಾಣದಲ್ಲಿ ಅಂಟಿಸಿ ಪರೀಕ್ಷಿಸುವ ಅನುಕೂಲವೂ ಇದೆ. ಆದರೆ ಪಾಸ್‌ವರ್ಡ್, ಒಳಜಾಲದ ವಿಳಾಸ ಮುಂತಾದವು ಸ್ಟಾರ್ಟಪ್ ಸ್ಕ್ರಿಪ್ಟ್‌ಗಳಲ್ಲಿ ಅಡಗಿ ಕೂತಿರುವುದು ಹೊಸದೇನಲ್ಲವಾದ್ದರಿಂದ ನಮ್ಮದೇ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳುವುದು ಲೇಸು.

ಸ್ಕ್ರಿಪ್ಟ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬ ವಿಷಯದಲ್ಲಿ ಶೆಲ್‌ಚೆಕ್ ನಿಜಕ್ಕೂ ಗಟ್ಟಿ. ಉಬುಂಟು 2006ರಲ್ಲಿ, ಡೆಬಿಯನ್ 2011ರಲ್ಲಿ ಸ್ಕ್ರಿಪ್ಟ್‌ಗಳನ್ನು ಓದಿ ನಡೆಸುವ ತಮ್ಮ ಸಾದಾ ಶೆಲ್ ಅನ್ನು, ಸೌಲಭ್ಯ ಹೆಚ್ಚಿರುವ ಬ್ಯಾಷ್‌ನಿಂದ ಹಗುರವಾದ ಡ್ಯಾಷ್‌ಗೆ ಬದಲಾಯಿಸಿದವು. ಮೊದಲ ಸಾಲಿನಲ್ಲಿ ಸಾದಾ ಶೆಲ್ ಎಂದು ಬರೆದು, ಕೆಳಗೆ ಬ್ಯಾಷ್‌ಗೆ ಮಾತ್ರ ತಿಳಿಯುವ ಜೋಡಿ ಚೌಕಾವರಣವನ್ನೋ ಅರೇಯನ್ನೋ (ಹಲವು ಮೌಲ್ಯಗಳ ಪಟ್ಟಿ) ಬಳಸಿದ ಸ್ಕ್ರಿಪ್ಟ್‌ಗಳು ಹೀಗಾದಾಗ ಮುರಿದುಬೀಳುತ್ತವೆ. ಇಂಥ ಪ್ರತಿಯೊಂದು ಸಾಲನ್ನೂ ಶೆಲ್‌ಚೆಕ್ ಹೆಕ್ಕಿ ತೋರಿಸುತ್ತದೆ. ಪ್ರೋಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಪಟ್ಟಿಯಲ್ಲಿ ಗ್ರೆಪ್ ಆಜ್ಞೆಯಿಂದ ಹೆಸರು ಹುಡುಕಿ ಸಿಕ್ಕಿದ್ದನ್ನೆಲ್ಲ ಕೊಲ್ಲುವ ಹಳೆಯ ಚಾಳಿ ಕಂಡರೆ, ಬದಲಿಗೆ ಪ್ರೋಸೆಸ್ ಹುಡುಕಲೆಂದೇ ಇರುವ ಪಿಗ್ರೆಪ್ ಬಳಸಿ ಎನ್ನುತ್ತದೆ. ಹಳೆಯ ವಿಧಾನದಲ್ಲಿ, ಅದೇ ಹೆಸರಿನ ಲಾಗ್ ಫೈಲನ್ನು ಬೇರೊಬ್ಬರು ಎಡಿಟರ್‌ನಲ್ಲಿ ತೆರೆದಿಟ್ಟಿದ್ದರೆ ಅವರ ಎಡಿಟರ್‌ಗೂ ಅದೇ ಗತಿ. ಕಾನ್ಫಿಗರೇಷನ್ ಫೈಲ್ ಓದಲು ಸಿಗದೆ ಡೈರೆಕ್ಟರಿಯ ಹೆಸರಿರಬೇಕಾದ ವೇರಿಯಬಲ್ ಖಾಲಿಯಾಗಿ ಉಳಿದರೆ ಫೈಲ್ ಅಳಿಸುವ ಆರ್‌ಎಂ ಆಜ್ಞೆ ಇಡೀ ಡಿಸ್ಕನ್ನೇ ಗುಡಿಸಿಹಾಕುವ ಅಪಾಯವಿರುವ ಕಡೆ ಎಸ್‌ಸಿ2115 ಎಂಬ ಎಚ್ಚರಿಕೆ ಬರುತ್ತದೆ. ವೇರಿಯಬಲ್ ಖಾಲಿಯಿದ್ದರೆ ಅಲ್ಲೇ ನಿಲ್ಲುವಂತೆ ಹೇಗೆ ಬರೆಯಬೇಕೆಂಬುದನ್ನೂ ಅದು ಜೊತೆಯಲ್ಲೇ ಹೇಳುತ್ತದೆ. ಈ ಒಂದು ಎಚ್ಚರಿಕೆಗಾದರೂ ಟೂಲ್ ಅನ್ನು ಇಟ್ಟುಕೊಳ್ಳಬಹುದು.

ಆದರೆ ಅದರ ಸಲಹೆಗಳನ್ನು ಕಣ್ಣುಮುಚ್ಚಿ ಪಾಲಿಸಿದರೆ ಸರ್ವಿಸ್ ಏಳುವುದೇ ಇಲ್ಲ. ಡೆಬಿಯನ್‌ನ ಹಳೆಯ ಮಾದರಿ ಇನಿಟ್ ಸ್ಕ್ರಿಪ್ಟ್‌ನಲ್ಲಿ, ಡೀಮನ್ ಅನ್ನು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಶುರು ಮಾಡುವ ಸ್ಟಾರ್ಟ್-ಸ್ಟಾಪ್-ಡೀಮನ್ ಆಜ್ಞೆಯ ಕೊನೆಗೆ, ಡೀಮನ್‌ಗೆ ಕೊಡುವ ಆಯ್ಕೆಗಳಿರುವ ಡೀಮನ್-ಆರ್ಗ್ಸ್ ಎಂಬ ವೇರಿಯಬಲ್ ಡಬಲ್ ಕೋಟ್ ಇಲ್ಲದೆ ಬರುತ್ತದೆ. ಕೋಟ್ ಹಾಕಿ ಎನ್ನುವ ಎಸ್‌ಸಿ2086 ಈ ಸಾಲಿಗೂ ಬರುವುದುಂಟು. ಸಲಹೆಯಂತೆ ಕೋಟ್ ಹಾಕಿದಿರೋ, ಬಿಡಿಬಿಡಿಯಾಗಿ ಹೋಗಬೇಕಿದ್ದ ನಾಲ್ಕಾರು ಆಯ್ಕೆಗಳು ಒಂದೇ ಉದ್ದನೆಯ ಆರ್ಗ್ಯುಮೆಂಟ್ ಆಗಿ ಡೀಮನ್‌ಗೆ ತಲುಪುತ್ತವೆ. ವೇರಿಯಬಲ್ ಖಾಲಿಯಿದ್ದರೆ ಒಂದು ಖಾಲಿ ಆರ್ಗ್ಯುಮೆಂಟ್ ಹೋಗುತ್ತದೆ. ಸಾದಾ ಶೆಲ್‌ನಲ್ಲಿ ಅರೇ ಇಲ್ಲದಿರುವುದರಿಂದ ಇಲ್ಲಿ ಕೋಟ್ ಇಲ್ಲದಿರುವುದು ಉದ್ದೇಶಪೂರ್ವಕವೇ. ಆ ಸಾಲಿನ ಮೇಲೆ ಕಾಮೆಂಟ್ ರೂಪದ ಸೂಚನೆ ಬರೆದು ಎಚ್ಚರಿಕೆಯನ್ನು ಅಲ್ಲಿಗೆ ಮಾತ್ರ ನಿಲ್ಲಿಸಬೇಕೇ ಹೊರತು ಇಡೀ ಫೈಲ್‌ಗೆ ನಿಲ್ಲಿಸಬಾರದು.

ಭದ್ರತೆಯ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 2016ರಲ್ಲಿ ಬಯಲಾದ ಸಿವಿಇ-2016-1240 ಎಂಬ ಗುರುತುಸಂಖ್ಯೆಯ ಭದ್ರತಾ ದೋಷವನ್ನೇ ನೋಡೋಣ. ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್‌ನ ಡೆಬಿಯನ್ ಪ್ಯಾಕೇಜಿನ ಇನಿಟ್ ಸ್ಕ್ರಿಪ್ಟ್, ಪ್ರತಿ ಸಲ ಸರ್ವಿಸ್ ಶುರುವಾಗುವಾಗ ಅದರ ಕ್ಯಾಟಲಿನಾ ಲಾಗ್ ಫೈಲನ್ನು ಟಚ್ ಮಾಡಿ (ಇಲ್ಲದಿದ್ದರೆ ಸೃಷ್ಟಿಸಿ), ಚೌನ್ ಆಜ್ಞೆಯಿಂದ ಅದರ ಒಡೆತನವನ್ನು ಟಾಮ್‌ಕ್ಯಾಟ್ ಬಳಕೆದಾರನಿಗೆ ಒಪ್ಪಿಸುತ್ತಿತ್ತು. ಆ ಲಾಗ್ ಡೈರೆಕ್ಟರಿ ಟಾಮ್‌ಕ್ಯಾಟ್‌ನದೇ. ವೆಬ್ ಅಪ್ಲಿಕೇಷನ್ನಿನ ಮೂಲಕ ಆ ಬಳಕೆದಾರನಾಗಿ ಒಳಹೊಕ್ಕವನು ಲಾಗ್ ಫೈಲನ್ನು ತೆಗೆದು, ಅದೇ ಹೆಸರಿನಲ್ಲಿ ಸಿಸ್ಟಮ್‌ನ ಮುಖ್ಯ ಫೈಲೊಂದಕ್ಕೆ ಸಿಂಬಾಲಿಕ್ ಲಿಂಕ್ (ಬೇರೊಂದು ಫೈಲಿನತ್ತ ಕೈತೋರುವ ಕೊಂಡಿ) ಇಟ್ಟರೆ ಮುಗಿಯಿತು. ಮುಂದಿನ ರೀಸ್ಟಾರ್ಟ್‌ನಲ್ಲಿ ರೂಟ್ ತಾನಾಗಿಯೇ ಆ ಫೈಲನ್ನು ಅವನ ಕೈಗಿಡುತ್ತಿತ್ತು. 2012ರಲ್ಲಿ ಲಿನಕ್ಸ್ ಕರ್ನೆಲ್ 3.6ಕ್ಕೆ ಸೇರಿದ ಸಿಂಬಾಲಿಕ್ ಲಿಂಕ್ ರಕ್ಷಣೆ ಎಲ್ಲರೂ ಬರೆಯಬಹುದಾದ, ಸ್ಟಿಕಿ ಬಿಟ್ (ಇನ್ನೊಬ್ಬರ ಫೈಲ್ ಅಳಿಸದಂತೆ ತಡೆಯುವ ಗುರುತು) ಇರುವ ಟೆಂಪ್‌ನಂಥ ಡೈರೆಕ್ಟರಿಗಳಿಗಷ್ಟೇ ಅನ್ವಯಿಸುವುದರಿಂದ ಇಲ್ಲಿ ನೆರವಿಗೆ ಬರಲಿಲ್ಲ.

ಈ ಸಾಲನ್ನು ಶೆಲ್‌ಚೆಕ್ ಮುಂದಿಟ್ಟರೆ, ಬಳಕೆದಾರನ ಹೆಸರಿರುವ ವೇರಿಯಬಲ್‌ಗೆ ಕೋಟ್ ಇಲ್ಲ ಎಂದು ಅದು ಹೆಚ್ಚೆಂದರೆ ಗೊಣಗಬಹುದು. ಅಸಲಿ ರಂಧ್ರ ಅದಕ್ಕೆ ಕಾಣುವುದಿಲ್ಲ. ಯಾವ ಡೈರೆಕ್ಟರಿ ಯಾರದೆಂಬುದು ಸ್ಕ್ರಿಪ್ಟ್‌ನಲ್ಲಿ ಬರೆದಿರದ ಕಾರಣ, ಓದುವ ಟೂಲ್‌ಗೆ ಅದು ಗೊತ್ತಾಗುವ ದಾರಿಯೂ ಇಲ್ಲ. ಚೌನ್‌ಗೆ ಎಚ್ ಆಯ್ಕೆ ಸೇರಿಸಿದರೆ ಅದು ಲಿಂಕನ್ನು ಹಿಂಬಾಲಿಸುವುದಿಲ್ಲ, ನಿಜ. ಆದರೆ ಅದೇ ಫೈಲಿನ ಇನ್ನೊಂದು ಹೆಸರೇ ಆದ ಹಾರ್ಡ್ ಲಿಂಕ್‌ಗೆ ಈ ಮದ್ದು ನಾಟುವುದಿಲ್ಲ. ಫೈಲನ್ನು ಆ ಬಳಕೆದಾರನ ಅಧಿಕಾರದಲ್ಲೇ ಸೃಷ್ಟಿಸುವುದು, ಸಿಸ್ಟಂಡಿಯಾದರೆ ಯೂಸರ್ ಮತ್ತು ಲಾಗ್ಸ್-ಡೈರೆಕ್ಟರಿ ಸೂಚನೆಗಳಿಗೆ ಆ ಕೆಲಸ ಬಿಟ್ಟುಕೊಡುವುದು ಸರಿಯಾದ ಪರಿಹಾರ. ಪ್ರೋಸೆಸ್‌ನ ಗುರುತುಸಂಖ್ಯೆ ಬರೆದಿಡುವ ಪಿಐಡಿ ಫೈಲ್‌ನದೂ ಇದೇ ಕಥೆ: ಡೀಮನ್ ಬಳಕೆದಾರ ಬರೆಯಬಲ್ಲ ಫೈಲಿನಿಂದ ಸಂಖ್ಯೆ ಓದಿ ರೂಟ್ ಕಿಲ್ ಮಾಡಿದರೆ, ಯಾವ ಪ್ರೋಸೆಸ್ ಸಾಯಬೇಕೆಂಬುದನ್ನು ಆ ಬಳಕೆದಾರನೇ ನಿರ್ಧರಿಸಿದಂತೆ. ಶೆಲ್‌ಚೆಕ್ ಅಲ್ಲಿಯೂ ಕೋಟ್ ಕೇಳಿ ಸುಮ್ಮನಾಗುತ್ತದೆ.

ಸಿಸ್ಟಂಡಿ-ಅನಲೈಜ್‌ನ ಸೆಕ್ಯುರಿಟಿ ಆಜ್ಞೆ ಈ ಕೊರತೆಯನ್ನು ತುಂಬುತ್ತದೆಂದು ಭಾವಿಸುವವರಿದ್ದಾರೆ. ಅದು ಯೂನಿಟ್‌ನ ನಿರ್ಬಂಧಗಳನ್ನು ನೋಡಿ ಹತ್ತರೊಳಗೆ ಅಂಕ ಕೊಡುತ್ತದೆಯೇ ಹೊರತು, ಯೂನಿಟ್ ಕರೆಯುವ ಸ್ಕ್ರಿಪ್ಟ್‌ನ ಒಳಗೆ ಇಣುಕುವುದಿಲ್ಲ. ಹಾಗಾಗಿ ರೂಟ್ ಮುಟ್ಟುವ ಪ್ರತಿಯೊಂದು ಪಾತ್‌ಗೂ ಲಿಸ್ಟ್ ಆಜ್ಞೆ ಕೊಟ್ಟು, ಒಡೆತನವನ್ನು ಕೈಯಾರೆ ಪರಿಶೀಲಿಸುವುದು ತಪ್ಪದು.

ಕೊಳ್ಳಲು ಹಣ ಬೇಕಿಲ್ಲದ ಟೂಲ್‌ಗೆ ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು ಕೊಟ್ಟೇನು. ಒಂದು ಅಂಕ ಕಳೆದದ್ದು ಭದ್ರತೆಯ ಕುರುಡಿಗಲ್ಲ (ಅದು ಇಂಥ ಟೂಲ್‌ನ ಸಹಜ ಮಿತಿ); ಸಂದೇಶಗಳನ್ನು ತೀವ್ರತೆಯ ಪ್ರಕಾರ ವಿಂಗಡಿಸಿರುವ ರೀತಿಗೆ. ಹಳೆಯ ಸ್ಕ್ರಿಪ್ಟ್‌ಗೆ ಶೆಲ್‌ಚೆಕ್ ಓಡಿಸಿದರೆ ಪರದೆ ತುಂಬ ಸಾಲುಗಳು ಸುರಿಯುವುದರಿಂದ ಬಹಳಷ್ಟು ಜನ ಎಚ್ಚರಿಕೆ ಮಟ್ಟಕ್ಕಿಂತ ಕೆಳಗಿನದನ್ನು ಮರೆಮಾಡುತ್ತಾರೆ. ಎಸ್‌ಸಿ2086 ಇರುವುದು ಎಚ್ಚರಿಕೆಗಿಂತ ಕೆಳಗಿನ, ಬರೀ ಮಾಹಿತಿ ಎಂಬ ಮಟ್ಟದಲ್ಲಿ. ರೂಟ್ ಓಡಿಸುವ ಸ್ಕ್ರಿಪ್ಟ್‌ನಲ್ಲಿ ಕೋಟ್ ಇಲ್ಲದ ವೇರಿಯಬಲ್ ಎಷ್ಟು ಹಾನಿ ಮಾಡಬಲ್ಲದೆಂದು ಬಲ್ಲವರು ಆ ಸೋಸುವಿಕೆಯನ್ನು ಸ್ಟಾರ್ಟಪ್ ಸ್ಕ್ರಿಪ್ಟ್‌ಗಳಿಗೆ ಬಳಸದಿರುವುದೇ ಒಳ್ಳೆಯದು.