ಧರ್ಮಸ್ಥಳವೋ, ಶ್ರೀಶೈಲವೋ? ಮೊದಲ ಸಲ ಪಾದಯಾತ್ರೆ ಹೊರಡುವವರಿಗೆ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಸುಮಾರು 300 ಕಿ.ಮೀ. ಶಿವರಾತ್ರಿಗೆ ಒಂದು ವಾರ ಮೊದಲೇ ಹೊರಡಬೇಕು. ಹಾಸನ, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವುದು ಒಂದು ದಾರಿ. ದಾರಿಯುದ್ದಕ್ಕೂ ಊರುಗಳಿವೆ. ಊಟ, ಮಜ್ಜಿಗೆ ಕೊಟ್ಟು ಉಪಚರಿಸುವ ಜನ ಸಿಗುತ್ತಾರೆ. ಕಷ್ಟ ಏನಿದ್ದರೂ ಡಾಂಬರಿನದು, ಪಕ್ಕದಲ್ಲೇ ಹಾಯುವ ಲಾರಿಗಳದು. ಬೆಳಗಿನ ಜಾವ ಎರಡು, ಮೂರಕ್ಕೇ ಎದ್ದು ನಡೆದರೆ ಬಿಸಿಲು ತಪ್ಪುತ್ತದೆ, ಆದರೆ ಟಾರ್ಚು ಮತ್ತು ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇ ಬೇಕು. ಘಾಟಿ ಇಳಿಯುವಾಗ ಮಂಡಿ ನೋವು ಜಾಸ್ತಿ, ಹತ್ತುವುದಕ್ಕಿಂತಲೂ.

ಶ್ರೀಶೈಲದ್ದು ಬೇರೆಯೇ ಲೋಕ. ಯುಗಾದಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಜನ ಕಂಬಿ (ಹರಕೆಗೆ ಹೆಗಲ ಮೇಲೆ ಹೊರುವ ಅಡ್ಡೆ) ಹೊತ್ತು ಹೊರಡುತ್ತಾರೆ. ಅಲ್ಲಿನ ದೇವಿ ಭ್ರಮರಾಂಬೆ ಅವರಿಗೆ ಮನೆಮಗಳು, ಮಲ್ಲಯ್ಯ ಅಂದರೆ ಮಲ್ಲಿಕಾರ್ಜುನ ಸ್ವಾಮಿ ಅಳಿಯ. ತವರಿನ ಸೀರೆ ಒಯ್ಯುವ ಆ ಸಂಭ್ರಮ ನೋಡಿದರೆ ಕಣ್ಣು ತುಂಬುತ್ತದೆ. ಆಂಧ್ರದ ಆತ್ಮಕೂರು ದಾಟಿದ ಮೇಲೆ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮನಕೊಳ್ಳದ ಏರು, ಕೈಲಾಸ ಬಾಗಿಲು. ಕಲ್ಲುದಾರಿ, ಉರಿಬಿಸಿಲು, ನೀರಿಗೆ ಪರದಾಟ. ಇದು ಹುಲಿ ಕಾಡು, ಹಾಗಾಗಿ ಜಾತ್ರೆಯ ದಿನಗಳಲ್ಲೇ ಗುಂಪಿನ ಜೊತೆ ಹೋಗಿ.

ನೀವು ಇದುವರೆಗೆ ದಿನಕ್ಕೆ 25 ಕಿ.ಮೀ. ನಡೆದೇ ಇಲ್ವಾ? ಧರ್ಮಸ್ಥಳವನ್ನೇ ಆರಿಸಿ. ಕಾಲು ಸೋತರೆ ಬಸ್ಸಾದರೂ ಹತ್ತಬಹುದು. ರಜೆ ಕಡಿಮೆ, ಬೆಟ್ಟ ಹತ್ತಿ ಅಭ್ಯಾಸ ಇದೆ ಅಂದರೆ ಆತ್ಮಕೂರಿನವರೆಗೆ ಬಸ್ಸಿನಲ್ಲಿ ಹೋಗಿ, ಕಾಡಿನ ದಾರಿಯನ್ನಷ್ಟೇ ನಡೆಯಿರಿ. ಎರಡಕ್ಕೂ ಹೊಸ ಚಪ್ಪಲಿ ಬೇಡ, ಒಂದು ತಿಂಗಳು ಸವೆಸಿದ್ದೇ ಇರಲಿ.