ಏಜೆಂಟ್‌ಗೆ ಷೇರು ಬೆಲೆ ತಂದುಕೊಡಲು ಭಾವ್‌ಕಾಪಿಯೇ ಸಾಕು

ದುಡ್ಡು ಕಟ್ಟಿದ್ದು ಒಂದಕ್ಕೆ, ಕೊನೆಗೆ ಬಳಸುತ್ತಿರುವುದು ಪುಕ್ಕಟೆಯದ್ದನ್ನು. ನನ್ನ ಎಐ ಏಜೆಂಟ್‌ಗೆ (ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಂ) ಷೇರುಗಳ ಹಳೇ ಬೆಲೆ ತರುವ ಟೂಲ್ ಬೇಕಿತ್ತು. ಒಂದು ಬ್ರೋಕರ್‌ನ ಎಪಿಐಗೆ (ಪ್ರೋಗ್ರಾಂ ನೇರವಾಗಿ ಡೇಟಾ ಕೇಳುವ ದಾರಿ) ತಿಂಗಳ ಚಂದಾ ಕಟ್ಟಿದೆ. ಯಾಹೂ ಫೈನಾನ್ಸ್‌ನಿಂದ ಬೆಲೆ ತರುವ ವೈಫೈನಾನ್ಸ್ ಲೈಬ್ರರಿ ಹಾಕಿದೆ. ಚಾರ್ಟಿನ ಸ್ಕ್ರೀನ್‌ಶಾಟ್ ಕೂಡ ಕೊಟ್ಟು ನೋಡಿದೆ. ಉಳಿದದ್ದು ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ವಹಿವಾಟಿನ ದಿನ ಸಂಜೆ ಹಾಕುವ ಭಾವ್‌ಕಾಪಿ, ಅಂದರೆ ಆ ದಿನದ ಬೆಲೆಪಟ್ಟಿಯ ಫೈಲು. ಅದನ್ನು ಇಳಿಸಿಕೊಂಡು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ತುಂಬಿಸುತ್ತೇನೆ, ಏಜೆಂಟ್ ಅಲ್ಲಿಂದಲೇ ಓದುತ್ತದೆ.

ಸ್ಕ್ರೀನ್‌ಶಾಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವಷ್ಟನ್ನು ಮಾಡೆಲ್ ಚೆನ್ನಾಗೇ ಹೇಳುತ್ತದೆ. ಬೆಲೆ ಕೇಳಿದರೆ ಅಂದಾಜು ಹೊಡೆಯುತ್ತದೆ. ಅಂದಾಜು ಅಂತ ಬಾಯಿಬಿಟ್ಟು ಹೇಳುವುದೂ ಇಲ್ಲ.

ಬ್ರೋಕರ್ ಎಪಿಐಯ ಡೇಟಾ ಚೊಕ್ಕವಾಗಿದೆ, ನಿಮಿಷದ ಕ್ಯಾಂಡಲ್‌ವರೆಗೂ (ಆ ಅವಧಿಯ ಬೆಲೆ ಏರಿಳಿತದ ಒಂದು ಸಾಲು) ಸಿಗುತ್ತದೆ. ಆದರೆ ಲಾಗಿನ್ ಟೋಕನ್ನಿನ ಆಯಸ್ಸು ಒಂದೇ ದಿನ. ಮಾರನೇ ದಿನ ನಾನೇ ಕೂತು ಪಾಸ್‌ವರ್ಡ್, ಒಟಿಪಿ ಹಾಕಬೇಕು. ಸುರಕ್ಷತೆಗೆ ಅದು ಸರಿಯೇ. ಆದರೆ ನಾನು ಇಲ್ಲದಾಗ ಕೆಲಸ ಮಾಡಲಿ ಅಂತ ಇಟ್ಟ ಏಜೆಂಟ್‌ಗಾಗಿ ದಿನಾ ಬೆಳಿಗ್ಗೆ ನಾನೇ ಏಳುವುದಾದರೆ ಏನು ಬಂತು? ಅದೂ ಅಲ್ಲದೆ ಆ ಟೋಕನ್ನಿನಲ್ಲಿ ಆರ್ಡರ್ ಕೂಡ ಹಾಕಬಹುದು. ಬೆಲೆ ಓದಲಷ್ಟೇ ಬೇಕಾದವನ ಕೈಗೆ ಅಷ್ಟು ಅಧಿಕಾರ ಕೊಡಲು ನನಗೆ ಧೈರ್ಯವಿಲ್ಲ.

ಇನ್ನು ನಿಜವಾಗಿ ತಲೆ ತಿಂದ ವಿಷಯ. ನಾನು ಮೆಚ್ಚಿದ ಭಾವ್‌ಕಾಪಿಯಲ್ಲೇ ಇದೆ.

ಭಾವ್‌ಕಾಪಿ ಅಂದರೆ ಆ ದಿನ ಏನಾಯಿತೋ ಅದರ ದಾಖಲೆ, ಅಷ್ಟೇ. ಮುಂದೆ ಬೋನಸ್ (ಪುಕ್ಕಟೆ ಹೆಚ್ಚುವರಿ ಷೇರು) ಬರಲಿ, ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಆಗಲಿ, ಹಳೇ ಫೈಲು ಬದಲಾಗುವುದಿಲ್ಲ. 2024ರ ಅಕ್ಟೋಬರ್ 28ರಂದು ರಿಲಯನ್ಸ್‌ನ 1:1 ಬೋನಸ್ ಇತ್ತು. ಹಿಂದಿನ ಶುಕ್ರವಾರ 2,650ರ ಆಸುಪಾಸಿನಲ್ಲಿದ್ದ ಷೇರು ಸೋಮವಾರ 1,330ರ ಆಸುಪಾಸಿಗೆ ಬಂತು. ಯಾರಿಗೂ ನಷ್ಟವಿಲ್ಲ, ಒಂದು ಷೇರು ಎರಡಾಯಿತು. ನನ್ನ ಏಜೆಂಟ್ ಮಾತ್ರ 'ಒಂದೇ ದಿನದಲ್ಲಿ ಅರ್ಧಕ್ಕರ್ಧ ಕುಸಿತ' ಎಂದು ಬರೆದು, ಕುಸಿತಕ್ಕೆ ಕಾರಣಗಳನ್ನೂ ಹೊಸೆದಿತ್ತು. ಓದಿದರೆ ನಂಬಬೇಕು, ಹಾಗೆ.

ಹಾಗಾದರೆ ಬೋನಸ್‌ಗೆ ತಕ್ಕಂತೆ ಹಳೇ ಬೆಲೆಯನ್ನೂ ಸರಿಪಡಿಸಿ ಕೊಡುವ ವೈಫೈನಾನ್ಸೇ ವಾಸಿ ಅಲ್ವಾ? ಅಲ್ಲಿ ಇನ್ನೊಂದು ಬಗೆಯ ತೊಡಕು. ಸುಮ್ನೆ ಕೇಳಿದರೆ ಅದು ಬೋನಸ್, ಸ್ಪ್ಲಿಟ್ ಜೊತೆಗೆ ಡಿವಿಡೆಂಡನ್ನೂ (ಕಂಪನಿ ಹಂಚುವ ಲಾಭಾಂಶ) ಕಳೆದ ಬೆಲೆ ಕೊಡುತ್ತದೆ. ಒಟ್ಟು ಲಾಭ ಲೆಕ್ಕ ಹಾಕಲು ಅದು ಸರಿ. ಆದರೆ ಐಟಿಸಿಯಂಥ ಕೈತುಂಬ ಡಿವಿಡೆಂಡ್ ಕೊಡುವ ಷೇರಿನಲ್ಲಿ, ನಾನು ಕೆಲವು ವರ್ಷದ ಹಿಂದೆ ಕೊಂಡ ಬೆಲೆಗೂ ಅದು ತೋರಿಸುವ ಬೆಲೆಗೂ ತಾಳೆಯೇ ಇರುವುದಿಲ್ಲ. ಬ್ರೋಕರ್ ಕೊಟ್ಟ ಕಾಂಟ್ರ್ಯಾಕ್ಟ್ ನೋಟ್ (ವಹಿವಾಟಿನ ರಸೀದಿ) ಒಂದು ಹೇಳುತ್ತದೆ, ಏಜೆಂಟ್ ಇನ್ನೊಂದು ಹೇಳುತ್ತದೆ. ಎರಡೂ ಟೂಲ್ ಒಟ್ಟಿಗೆ ಕೊಟ್ಟರಂತೂ ಹಳೇ ಬೆಲೆ ಇಲ್ಲಿಂದ, ಹೊಸದು ಅಲ್ಲಿಂದ ತೆಗೆದು ಶೇಕಡಾ ಲೆಕ್ಕ ಹಾಕಿಬಿಡುತ್ತದೆ.

ಭಾವ್‌ಕಾಪಿಯ ತೊಡಕನ್ನು ನಾನೇ ಬಿಡಿಸಬಹುದು ಅನ್ನುವುದೇ ನನಗೆ ಮುಖ್ಯವಾಯಿತು. ಬೋನಸ್, ಸ್ಪ್ಲಿಟ್‌ಗಳ ಪುಟ್ಟ ಟೇಬಲ್ ಇಟ್ಟಿದ್ದೇನೆ. ಟೂಲ್ ಈಗ ಎರಡು ಬೆಲೆ ಕೊಡುತ್ತದೆ: ಆ ದಿನದ್ದು, ಸರಿಪಡಿಸಿದ್ದು. ನಡುವೆ ಬೋನಸ್ ಇದ್ದರೆ ತಾರೀಕು ಸಮೇತ ಒಂದು ಸಾಲು ಟಿಪ್ಪಣಿಯೂ ಬರುತ್ತದೆ. ಕತೆ ಹೊಸೆಯುವುದು ಆ ಟಿಪ್ಪಣಿಯಿಂದಲೇ ನಿಂತಿತು. ಡಿಮರ್ಜರ್ (ಕಂಪನಿಯ ಒಂದು ಭಾಗ ಬೇರೆ ಕಂಪನಿಯಾಗುವುದು) ಮಾತ್ರ ಇನ್ನೂ ಕೈಯಾರೆ ಮಾಡುತ್ತೇನೆ. 2025ರ ಜನವರಿಯಲ್ಲಿ ಐಟಿಸಿ ಹೋಟೆಲ್ಸ್ ಬೇರೆಯಾದಾಗಿನ ಇಳಿಕೆಗೆ ಬೋನಸ್ ಥರ ಸುಲಭದ ಸೂತ್ರವಿಲ್ಲ.

ಹೆಸರು ಬದಲಾಗುವುದೂ ಒಂದು ರಗಳೆ. ಜೊಮ್ಯಾಟೋ ಎಟರ್ನಲ್ ಆದಮೇಲೆ ಹಳೇ ಸಾಲುಗಳು ಹಳೇ ಹೆಸರಲ್ಲೇ ಇವೆ. ಐಎಸ್‌ಐಎನ್ (ಷೇರಿನ ಗುರುತಿನ ಸಂಖ್ಯೆ) ಹಿಡಿದು ಜೋಡಿಸಬೇಕು. ಸ್ಪ್ಲಿಟ್ ಆಗಿ ಮುಖಬೆಲೆ ಬದಲಾದರೆ ಆ ಐಎಸ್‌ಐಎನ್ ಕೂಡ ಬದಲಾಗುತ್ತದೆ, ಗಮನವಿರಲಿ.

ಯಾವ ಮೂಲ ಹಿಡಿದರೂ ಕ್ಯಾಂಡಲ್‌ಗಳನ್ನೆಲ್ಲ ಮಾಡೆಲ್ ಮುಂದೆ ಸುರಿಯಬೇಡಿ. ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ಕ್ಕೆ 375 ನಿಮಿಷ. 15 ನಿಮಿಷದ ಕ್ಯಾಂಡಲ್ ದಿನಕ್ಕೆ 25, ವರ್ಷಕ್ಕೆ ಆರು ಸಾವಿರ ಸಾಲು. ಮಾಡೆಲ್ ಬಳಕೆಯ ಬಿಲ್ ಏರುತ್ತದೆ, ಅದು ಹಾಕುವ ಸರಾಸರಿಯೂ ತಪ್ಪುತ್ತದೆ. ಸರಾಸರಿ, ಗರಿಷ್ಠ, ಕನಿಷ್ಠ ಎಲ್ಲ ಟೂಲ್ ಒಳಗೇ ಲೆಕ್ಕವಾಗಿ ಬರಲಿ.

ರಜಾದಿನ ಕೇಳಿದರೆ ಖಾಲಿ ಪಟ್ಟಿ ಕೊಡಬೇಡಿ, 'ಮಾರುಕಟ್ಟೆ ಮುಚ್ಚಿತ್ತು' ಎಂದೇ ಹೇಳಿ. ಶನಿವಾರ ಅಂದರೆ ರಜೆ ಅಂತಲೂ ಬರೆದಿಡಬೇಡಿ. 2025ರ ಫೆಬ್ರುವರಿ 1ರ ಶನಿವಾರ ಬಜೆಟ್‌ಗಾಗಿ ಮಾರುಕಟ್ಟೆ ತೆರೆದಿತ್ತು.

ನಾನು ಚಾರ್ಟ್ ನೋಡುವುದು ಸಂಜೆ ಒಂದೇ ಸಲ. ಕೊಂಡರೆ ತಿಂಗಳುಗಟ್ಟಲೆ ಇಡುತ್ತೇನೆ. ಹಾಗಾಗಿ ದಿನದ ಬೆಲೆ ಸಾಕು, ಚಂದಾ ನಿಲ್ಲಿಸಿದೆ. ಇಂಟ್ರಾಡೇ (ಅದೇ ದಿನ ಕೊಂಡು ಅದೇ ದಿನ ಮಾರುವುದು) ಮಾಡುವವರಿಗೆ ಭಾವ್‌ಕಾಪಿ ಕೆಲಸಕ್ಕೆ ಬಾರದು. ಅವರು ಬ್ರೋಕರ್ ಎಪಿಐಗೇ ಹೋಗಲಿ, ಬೆಳಿಗ್ಗೆ ಹೇಗೂ ಲಾಗಿನ್ ಆಗುವವರೇ. ವೈಫೈನಾನ್ಸ್ ಅಳಿಸಿಲ್ಲ. ಅಮೆರಿಕದ ಷೇರು ಕೇಳಿದಾಗ ಮಾತ್ರ ಏಜೆಂಟ್ ಅದನ್ನು ಮುಟ್ಟಬಹುದು ಎಂದು ಟೂಲ್ ವಿವರಣೆಯಲ್ಲೇ ಬರೆದಿದ್ದೇನೆ.