ಧಾರೆ ಮಂಟಪದಲ್ಲಿ ಮೂರು ಕ್ಯಾಮೆರಾ: ಸೋನಿ, ಕ್ಯಾನನ್, ನಿಕಾನ್

ಒಳಗೆ ಕನ್ನಡಿ ಇಲ್ಲದ ಹೊಸ ಥರದ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕು ಅಂತ ತುಮಕೂರಿನ ಮದುವೆ ಫೋಟೋಗ್ರಾಫರ್ ಯಾರೇ ಹೊರಟರೂ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಮೂರು ಬಾಡಿಗಳ ಹತ್ತಿರ ಬಂದು ನಿಲ್ಲುತ್ತದೆ. 2021ರಲ್ಲಿ ಬಂದ ಸೋನಿ ಎ7 4, 2022ರ ಕ್ಯಾನನ್ ಆರ್6 ಮಾರ್ಕ್ 2, 2024ರ ನಿಕಾನ್ ಝಡ್6 3. ಮೂರೂ ಫುಲ್ ಫ್ರೇಮ್, ಅಂದರೆ ಸೆನ್ಸರ್ ಹಳೆಯ ಫಿಲ್ಮಿನ ಫ್ರೇಮಿನಷ್ಟೇ ದೊಡ್ಡದು. ಮೂರಕ್ಕೂ ಎರಡೆರಡು ಕಾರ್ಡ್ ಸ್ಲಾಟ್. ಬಿಡುಗಡೆಯಾದಾಗ ಲೆನ್ಸ್ ಬಿಟ್ಟು ಬರೀ ಬಾಡಿಯ ಬೆಲೆ ಮೂರರದೂ ಎರಡೂವರೆ ಲಕ್ಷದ ಆಸುಪಾಸೇ ಇತ್ತು. ಸೋನಿ, ಕ್ಯಾನನ್ ಎರಡರ ಮುಂದಿನ ಮಾಡೆಲ್‌ಗಳೂ 2025ರ ಕೊನೆಯಲ್ಲಿ ಬಂದಿವೆ. ಆದರೆ ನಮ್ಮ ಕಡೆ ಮದುವೆ ಆರ್ಡರ್ ಮೇಲೆ ಬದುಕುವವರ ಕೈಗೆ ಎಟುಕುವುದು ಇನ್ನೂ ಈ ಮೂರೇ.

ನಾನು ಬಂದಿರುವುದು ನಿಕಾನ್ ಡಿ750ಯಿಂದ. 2014ರ ಮಾಡೆಲ್. ಇವತ್ತಿಗೂ ಫೋಟೋಗೆ ಕಡಿಮೆಯೇನಿಲ್ಲ. ಆದರೆ ಅದರಲ್ಲಿ 4ಕೆ ವಿಡಿಯೋ ಇಲ್ಲ, ಮತ್ತು ಈಗಿನ ಮದುಮಕ್ಕಳು ಆಲ್ಬಂಗಿಂತ ಮೊದಲು ಕೇಳುವುದು ರೀಲ್ಸ್. ಹಾಗಾಗಿ ಬದಲಾಯಿಸಲೇಬೇಕಾಯಿತು. ಸೋನಿ ನನ್ನ ಜೊತೆ ಆರ್ಡರ್ ಹಂಚಿಕೊಳ್ಳುವ ಗೆಳೆಯನದು. ಕ್ಯಾನನ್ ಮತ್ತು ನಿಕಾನ್ ಅನ್ನು ಸೀಸನ್‌ನಲ್ಲಿ ಬೆಂಗಳೂರಿಂದ ಬಾಡಿಗೆಗೆ ತಂದೆ. ಮೂರನ್ನೂ ನಮ್ಮ ಛತ್ರಗಳಲ್ಲೇ, ನಮ್ಮ ಬೆಳಕಲ್ಲೇ, ನಮ್ಮ ಗಡಿಬಿಡಿಯಲ್ಲೇ ಓಡಿಸಿ ನೋಡಿದ್ದೇನೆ. ಯೂಟ್ಯೂಬ್‌ನ ರಿವ್ಯೂಗಳಲ್ಲಿ ಕಾಫಿ ಅಂಗಡಿಯಲ್ಲಿ ಕೂತ ಹುಡುಗಿಯ ಕಣ್ಣಿಗೆ ಫೋಕಸ್ ಹಿಡಿದು ತೋರಿಸುತ್ತಾರಲ್ಲ, ಅದು ಯಾವ ಕ್ಯಾಮೆರಾಗೂ ಪರೀಕ್ಷೆಯೇ ಅಲ್ಲ.

ಪರೀಕ್ಷೆ ಅಂದರೆ ಅಂತರಪಟ. ವಧು ವರರ ಮಧ್ಯೆ ಬಿಳಿ ಬಟ್ಟೆ ಹಿಡಿದಿರುತ್ತಾರೆ. ಪುರೋಹಿತರು ಮಂಗಳಾಷ್ಟಕ ಹೇಳುತ್ತಿರುತ್ತಾರೆ. ಬಟ್ಟೆ ಯಾವ ಕ್ಷಣದಲ್ಲಿ ಸರಿಯುತ್ತದೆ ಅಂತ ಅವರಿಗೆ ಮಾತ್ರ ಗೊತ್ತು. ಸರಿದ ಮರುಕ್ಷಣವೇ ಜೀರಿಗೆ ಬೆಲ್ಲ ಇಬ್ಬರ ತಲೆ ಮೇಲೂ ಬೀಳುತ್ತದೆ, ಸುತ್ತ ನಿಂತವರ ಅಕ್ಷತೆ ಎಲ್ಲ ದಿಕ್ಕಿಂದಲೂ ಹಾರುತ್ತದೆ. ಅಲ್ಲಿಯವರೆಗೆ ಬಟ್ಟೆಯ ಅಂಚಿನ ಮೇಲೆ ಕೂತಿದ್ದ ಫೋಕಸ್ ಒಂದೇ ಸಲ ಹಿಂದಿನ ಮುಖಕ್ಕೆ ಹಾರಬೇಕು, ಮಧ್ಯೆ ಗಾಳಿಯಲ್ಲಿರುವ ಅಕ್ಕಿಕಾಳಿಗೆ ಮರುಳಾಗಬಾರದು. ಡಿ750ಯಲ್ಲಿ ಇದಕ್ಕೆ ನಾನು ಮೊದಲೇ ಮದುಮಗಳ ಹಣೆ ಎಲ್ಲಿ ಬರುತ್ತದೆ ಅಂತ ಅಂದಾಜು ಮಾಡಿ, ಫೋಕಸ್ ಲಾಕ್ ಮಾಡಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಈ ಮೂರಲ್ಲಿ ಯಾವುದಕ್ಕೂ ಅದು ಬೇಕಿಲ್ಲ. ಮುಖ ಕಂಡ ಕೂಡಲೇ ಹಿಡಿಯುತ್ತವೆ.

ವ್ಯತ್ಯಾಸ ಇರುವುದು ಬಾಸಿಂಗದಲ್ಲಿ. ಹಣೆಗೆ ಬಾಸಿಂಗ ಕಟ್ಟಿ, ಅದರ ಮುತ್ತಿನ ಎಳೆಗಳು ಕಣ್ಣ ಮುಂದೆ ಜೋತು ಬಿದ್ದಾಗ ಕ್ಯಾಮೆರಾಗೆ ಕಣ್ಣೇ ಕಾಣುವುದಿಲ್ಲ. ಎಳೆಗೂ ಕಣ್ಣಿಗೂ ನಡುವೆ ಎರಡೇ ಬೆರಳಿನ ಅಂತರ. 85 ಎಂಎಂ ಲೆನ್ಸನ್ನು ಎಫ್1.8ಕ್ಕೆ (ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ಅಗಲ, ಫೋಕಸ್‌ನ ಆಳ ಕಡಿಮೆ) ತೆರೆದಿಟ್ಟಿದ್ದರೆ ಅಷ್ಟು ಸಾಕು, ಮುತ್ತು ಶಾರ್ಪ್ ಆಗಿ ರೆಪ್ಪೆ ಮಸುಕಾಗುತ್ತದೆ. ಇಂಥ ಕಡೆ ಕ್ಯಾನನ್ ಆರಾಮವಾಗಿ ಕೆಲಸ ಮಾಡಿತು. ಏನು ಹಿಡಿಯಬೇಕು ಅಂತ ನಾವು ಹೇಳದಿದ್ದರೂ ಮನುಷ್ಯ, ಪ್ರಾಣಿ, ವಾಹನ ಯಾವುದಿದೆ ಅಂತ ತಾನೇ ನಿರ್ಧರಿಸುವ ಆಟೋ ಅದರಲ್ಲಿದೆ, ಕಣ್ಣು ಮುಚ್ಚಿಹೋದರೆ ತಲೆಯನ್ನು ಹಿಡಿದುಕೊಂಡು ಕಾಯುತ್ತದೆ. ಸೋನಿಯಲ್ಲಿ ಮನುಷ್ಯನೋ ಪ್ರಾಣಿಯೋ ಹಕ್ಕಿಯೋ ಅಂತ ಮೊದಲೇ ಆರಿಸಿಡಬೇಕು. ಮದುವೆಯಲ್ಲಿ ಅದೇನೂ ತೊಂದರೆಯಲ್ಲ, ದಿನವಿಡೀ ಮನುಷ್ಯರೇ ತಾನೆ. ಯಾವ ಬಾಡಿಯೇ ಆಗಲಿ, ಬಾಸಿಂಗ ಕಟ್ಟಿದ ಮೇಲೆ ನಾನು ಎಫ್2.8ಕ್ಕಿಂತ ಅಗಲಕ್ಕೆ ತೆರೆಯುವುದಿಲ್ಲ.

ಇನ್ನು ಸೈಲೆಂಟ್ ಶಟರ್. ಹೋಲಿಕೆ ಮಾಡುವವರೆಲ್ಲ ಹೆಚ್ಚು ಕಾಲ ಜಗಳವಾಡುವುದು ಇದರ ಮೇಲೆ. ಇದರಲ್ಲಿ ಮೂರಕ್ಕೂ ನಿಜವಾದ ಅಂತರ ಇದೆ, ಇಲ್ಲವೆನ್ನುವುದಿಲ್ಲ. ಸದ್ದು ಮಾಡದ ಈ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಓದು ಮುಗಿಯುವಷ್ಟರಲ್ಲಿ ಎದುರಿನ ವಸ್ತು ಸರಿದುಬಿಟ್ಟರೆ ಚಿತ್ರ ವಾಲುತ್ತದೆ, ಲೈಟ್ ಮಿನುಗಿದರೆ ಪಟ್ಟೆ ಬೀಳುತ್ತದೆ. 33 ಮೆಗಾಪಿಕ್ಸೆಲ್‌ನ ಸೋನಿ ಮೂರರಲ್ಲಿ ನಿಧಾನ. ಕ್ಯಾನನ್ ಅದಕ್ಕಿಂತ ಎಷ್ಟೋ ವೇಗ, ಸೆಕೆಂಡಿಗೆ 40 ಫ್ರೇಮ್ ಬೇರೆ. ನಿಕಾನ್‌ನದು ಅರ್ಧ ಸ್ಟ್ಯಾಕ್ಡ್ ಅನ್ನಬಹುದಾದ ಸೆನ್ಸರ್. ಓದುವ ಸರ್ಕ್ಯೂಟನ್ನು ಚಿತ್ರದ ಜಾಗದ ಮೇಲೂ ಕೆಳಗೂ ಪದರವಾಗಿ ಕೂರಿಸಿದ್ದಾರೆ. ಹಿಂದಿನ ಝಡ್6 2ಕ್ಕಿಂತ ಮೂರೂವರೆ ಪಟ್ಟು ವೇಗ ಎನ್ನುವುದು ಕಂಪನಿಯ ಲೆಕ್ಕ. ಮೂರರಲ್ಲಿ ಮೊದಲನೇ ಸ್ಥಾನ ಅದಕ್ಕೇ.

ಆದರೆ ಸ್ವಾಮಿ, ಗಟ್ಟಿಮೇಳದ ಹೊತ್ತಲ್ಲಿ ಶಟರ್ ಸದ್ದು ಯಾರಿಗೆ ಕೇಳುತ್ತದೆ? ಎರಡು ಡೋಲು, ಎರಡು ನಾಗಸ್ವರ ಒಟ್ಟಿಗೆ ಮೊಳಗುವಾಗ ಪಕ್ಕದಲ್ಲಿ ನಿಂತ ನನ್ನ ಅಸಿಸ್ಟೆಂಟ್ ಕೂಗಿದ್ದೂ ಕೇಳುವುದಿಲ್ಲ. ಪಶ್ಚಿಮದ ಚರ್ಚ್ ಮದುವೆಗಳಿಗೆ ಸೈಲೆಂಟ್ ಶಟರ್ ಬೇಕಾಗಿರಬಹುದು. ನಮ್ಮ ಧಾರೆಗೆ ಮೆಕ್ಯಾನಿಕಲ್ ಶಟರೇ ಸರಿ. ಮೆಕ್ಯಾನಿಕಲ್‌ನಲ್ಲಿ ಸೋನಿ ಸೆಕೆಂಡಿಗೆ 10, ಕ್ಯಾನನ್ 12, ನಿಕಾನ್ 14. ತಾಳಿ ಕಟ್ಟುವುದಕ್ಕೆ ಹತ್ತು ಧಾರಾಳವಾಗಿ ಸಾಕು. ನಲವತ್ತರಲ್ಲಿ ಹೊಡೆದರೆ ರಾತ್ರಿ ಕೂತು ಒಂದೇ ಥರದ ಮುಖಗಳನ್ನು ಆರಿಸುವವನ ಕಣ್ಣು ಬಿದ್ದುಹೋಗುತ್ತದೆ, ಅಷ್ಟೇ ಲಾಭ.

ಸದ್ದಿಲ್ಲದ ಶಟರ್ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶದಲ್ಲಿ. ಆರ್ಡರ್ ಇಲ್ಲದ ದಿನ ಹೋಗುವ ಜಾಗ ಅದು. ಹುಲ್ಲಲ್ಲಿ ಮಲಗಿದ ಗಂಡು ಜಿಂಕೆ ಕಿವಿ ತಿರುಗಿಸುವುದು ಮೊದಲು, ಓಡುವುದು ಆಮೇಲೆ. ಸದ್ದಾದರೆ ಕಿವಿ ತಿರುಗಿತು ಅಂತಲೇ ಲೆಕ್ಕ. ಇಲ್ಲಿ ನಿಕಾನ್ ಎದುರು ಉಳಿದೆರಡನ್ನು ಇಡಲಾರೆ. ವ್ಯೂಫೈಂಡರ್ ಕಪ್ಪಾಗದೆ ನೆಗೆತವನ್ನು ಹಿಂಬಾಲಿಸಬಹುದು, ಹಿಂದಿನ ಬೇಲಿಕಂಬ ವಾಲುವುದೂ ಗಮನಕ್ಕೆ ಬರುವಷ್ಟಿಲ್ಲ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರ ಮಧ್ಯದ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಮಾತ್ರ ಯಾವ ಕ್ಯಾಮೆರಾ ಆದರೂ ನಡೆಯುತ್ತದೆ. ಅವು ಜನಕ್ಕೆ ಒಗ್ಗಿಹೋಗಿವೆ, ನಿಧಾನವಾಗಿ ರೆಕ್ಕೆ ಬಡಿಯುವ ದೊಡ್ಡ ಹಕ್ಕಿಗಳು. ಬಟನ್ ಪೂರ್ತಿ ಒತ್ತುವ ಮೊದಲಿನ ಕ್ಷಣವನ್ನೂ ಹಿಡಿಯುವ ಪ್ರೀ-ಕ್ಯಾಪ್ಚರ್ ಕ್ಯಾನನ್‌ನಲ್ಲಿ ರಾ ಫೈಲಲ್ಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ಸಿಗುತ್ತದೆ, ನಿಕಾನ್‌ನಲ್ಲಿ ಸಿದ್ಧ ಚಿತ್ರವಾದ ಜೆಪೆಗ್ ಮಾತ್ರ, ಸೋನಿಯಲ್ಲಿ ಆ ಸೌಲಭ್ಯ ಇಲ್ಲ.

ರಿಸೆಪ್ಷನ್‌ಗೆ ಬರೋಣ. ಈಗ ಹೂವಿನ ಮಂಟಪದ ಹಿಂದೆ ದೊಡ್ಡ ಎಲ್‌ಇಡಿ ವಾಲ್ ಇಲ್ಲದ ಸ್ಟೇಜೇ ಅಪರೂಪ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸಾಮಾನ್ಯ ಟ್ಯೂಬು, ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರನ್ನು 1/50 ಅಥವಾ 1/100ರಲ್ಲಿ ಇಟ್ಟರೆ ಪಟ್ಟೆ ಬೀಳುವುದಿಲ್ಲ. ಎಲ್‌ಇಡಿ ವಾಲ್ ಮಿನುಗುವುದು ಅದಕ್ಕಿಂತ ಎಷ್ಟೋ ವೇಗದಲ್ಲಿ, ಅದೂ ಒಂದೊಂದು ಡೆಕೊರೇಟರ್‌ನದು ಒಂದೊಂದು ಥರ. ಇದಕ್ಕೆಂದೇ ಕ್ಯಾನನ್ ಮತ್ತು ನಿಕಾನ್ ಎರಡರಲ್ಲೂ ಶಟರ್ ವೇಗವನ್ನು ಅತಿ ಸಣ್ಣ ಮೆಟ್ಟಿಲುಗಳಲ್ಲಿ ಏರಿಸಿ ಇಳಿಸುವ ಹೈ-ಫ್ರೀಕ್ವೆನ್ಸಿ ಫ್ಲಿಕರ್ ಸೆಟಿಂಗ್ ಇದೆ. ಜೋಡಿ ಸ್ಟೇಜ್ ಹತ್ತುವ ಮೊದಲು ಖಾಲಿ ವಾಲ್ ಕಡೆ ಕ್ಯಾಮೆರಾ ಹಿಡಿದು, ವ್ಯೂಫೈಂಡರ್‌ನಲ್ಲಿ ಪಟ್ಟೆ ಮಾಯವಾಗುವವರೆಗೆ ಡಯಲ್ ತಿರುಗಿಸುತ್ತಾ ಹೋಗಿ, ಆ ಅಂಕಿಯಲ್ಲೇ ನಿಲ್ಲಿಸಿಬಿಡುತ್ತೇನೆ. ಕ್ಯಾಮೆರಾ ಕೊಂಡವರು ಮೊದಲು ಕಲಿಯಬೇಕಾದ ಮೆನು ಅದು. ಅಂಗಡಿಯವರು ತೋರಿಸುವುದಿಲ್ಲ.

ಮೆಗಾಪಿಕ್ಸೆಲ್ ವಿಷಯದಲ್ಲಿ ನನ್ನ ಅಳತೆಗೋಲು ಆಲ್ಬಂ. ನಮ್ಮಲ್ಲಿ ಹೆಚ್ಚು ಓಡುವುದು 12x36 ಶೀಟು. ಒಂದೇ ಫೋಟೋವನ್ನು 36 ಇಂಚು ಅಗಲಕ್ಕೂ ಹರಡಿದರೆ ಕ್ಯಾನನ್‌ನ 6000 ಪಿಕ್ಸೆಲ್ ಇಂಚಿಗೆ 167 ಆಗುತ್ತದೆ, ನಿಕಾನ್ ಹೆಚ್ಚುಕಮ್ಮಿ ಅಷ್ಟೇ. ಸೋನಿಯ 7008 ಪಿಕ್ಸೆಲ್ 195ರ ಹತ್ತಿರ ಬರುತ್ತದೆ. ಪ್ರಿಂಟಾದ ಶೀಟನ್ನು ಮಡಿಲಲ್ಲಿಟ್ಟು ನೋಡುವವರಿಗೆ ಇದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಗ್ರೂಪ್ ಫೋಟೋ ಮಧ್ಯದಿಂದ ಅಜ್ಜಿಯೊಬ್ಬರನ್ನೇ ಕತ್ತರಿಸಿ ದೊಡ್ಡದು ಮಾಡಿಕೊಡಿ ಅಂತ ಆರು ತಿಂಗಳಾದ ಮೇಲೆ ಮನೆಯವರು ಬಂದಾಗ. ಆಗ ಸೋನಿಯ 33 ಮೆಗಾಪಿಕ್ಸೆಲ್ ಕೈ ಹಿಡಿಯುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಹಾರ್ಡ್ ಡಿಸ್ಕ್. ಸೋನಿಯ ಲಾಸ್‌ಲೆಸ್ ಕಂಪ್ರೆಸ್ಡ್ ರಾ ಫೈಲು ಸುಮಾರು 40 ಎಂಬಿ. ಮೂರು ಸಾವಿರ ಫ್ರೇಮಿಗೆ 120 ಜಿಬಿ, ಬ್ಯಾಕಪ್ ಸೇರಿದರೆ ಅದರ ದುಪ್ಪಟ್ಟು. ಕ್ಯಾನನ್‌ನ ಸಿ-ರಾ (ಒತ್ತಿ ಚಿಕ್ಕದು ಮಾಡಿದ ರಾ) ಇದರ ಅರ್ಧಕ್ಕೂ ಕಡಿಮೆ.

ಬಣ್ಣದ ಬಗ್ಗೆ ಎಲ್ಲರೂ ಪಂಥ ಕಟ್ಟುತ್ತಾರೆ. ನನ್ನ ಕಣ್ಣಿಗೆ ಕಂಡಷ್ಟು ಹೇಳುತ್ತೇನೆ. ಅರಿಶಿನ ಶಾಸ್ತ್ರದಲ್ಲಿ ಮುಖ, ಸೀರೆ, ಹಿಂದಿನ ಗೋಡೆ ಎಲ್ಲಾ ಹಳದಿ. ಆಗ ಆಟೋ ವೈಟ್ ಬ್ಯಾಲೆನ್ಸ್ ನಂಬಿದರೆ ಯಾವ ಕ್ಯಾಮೆರಾ ಆದರೂ ಹಳದಿಯನ್ನು ತೊಳೆದುಹಾಕಲು ನೋಡುತ್ತದೆ. ಕೈಯಲ್ಲೇ 5200 ಕೆಲ್ವಿನ್ ಸುತ್ತ ಇಟ್ಟುಬಿಡುವುದು ಮೇಲು. ಹಾಗೆ ಇಟ್ಟಮೇಲೆ ಜೆಪೆಗ್‌ನಲ್ಲೇ ನಮ್ಮ ಜನರ ಗೋಧಿಬಣ್ಣದ, ಎಣ್ಣೆಗಪ್ಪಿನ ಮೈಗಳು ಕ್ಯಾನನ್‌ನಲ್ಲಿ ತುಂಬ ಚೆನ್ನಾಗಿ ಬರುತ್ತವೆ. ಎಡಿಟ್ ಮಾಡದೆ ರಾತ್ರಿಯೇ ವಾಟ್ಸ್ಆಪ್‌ನಲ್ಲಿ ಕಳಿಸಬಹುದು. ರಾ ತೆಗೆದು ಕಲರ್ ಕರೆಕ್ಷನ್ ಮಾಡುವವರಿಗೆ ಈ ಅಂತರ ಅರ್ಧ ಗಂಟೆಯ ಕೆಲಸ. ಕಪ್ಪು ಕೋಟು, ಜರಿ ಸೀರೆ ಒಂದೇ ಫ್ರೇಮಲ್ಲಿದ್ದು ನೆರಳನ್ನು ಎತ್ತಬೇಕಾದಾಗ ಕಡಿಮೆ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ) ಸೋನಿಯೇ ಮುಂದೆ. ನಿಕಾನ್ ಆ ವೇಗದ ಸೆನ್ಸರ್‌ಗಾಗಿ ಇಲ್ಲೇ ಸ್ವಲ್ಪ ಬಿಟ್ಟುಕೊಟ್ಟಿದೆ. ಛತ್ರದೊಳಗೆ 3200 ಐಎಸ್‌ಒ ದಾಟಿದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟರೂ ನನಗೆ ಗುರುತು ಹಿಡಿಯಲಾಗಲಿಲ್ಲ.

ವಿಡಿಯೋ ನನ್ನ ಮುಖ್ಯ ಕೆಲಸವಲ್ಲ, ಅದಕ್ಕೆ ಬೇರೆ ಹುಡುಗ ಇದ್ದಾನೆ. ಆತ ಹೇಳುವುದು: ರೀಲ್ಸ್‌ಗೆ ಸ್ಲೋ ಮೋಷನ್ ಬೇಕು, ಸೋನಿಯಲ್ಲಿ 4ಕೆ 60ಕ್ಕೆ (ಸೆಕೆಂಡಿಗೆ 60 ಫ್ರೇಮ್) ಹೋದರೆ ಫ್ರೇಮು ಒಂದೂವರೆ ಪಟ್ಟು ಕ್ರಾಪ್ ಆಗುತ್ತದೆ, ಇಕ್ಕಟ್ಟಾದ ಮಂಟಪದಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ ಅಣ್ಣ? ಉಳಿದ ಎರಡರಲ್ಲಿ ಪೂರ್ತಿ ಅಗಲ ಸಿಗುತ್ತದೆ. ನಿಕಾನ್ 6ಕೆ ರಾ ವಿಡಿಯೋವನ್ನೂ ಬಾಡಿಯೊಳಗೇ ಬರೆಯುತ್ತದೆ. ಅಷ್ಟು ದೊಡ್ಡ ಫೈಲನ್ನು ಎಡಿಟ್ ಮಾಡುವ ಕಂಪ್ಯೂಟರ್ ನಮ್ಮಲ್ಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಕಾಶೀಯಾತ್ರೆ, ರಾತ್ರಿ ಹನ್ನೊಂದಕ್ಕೆ ಕೊನೆಯ ಪಂಕ್ತಿ. ಅಷ್ಟು ಹೊತ್ತು ಕೊರಳಲ್ಲಿ ನೇತಾಡುವ ವಸ್ತುವಿನ ತೂಕ ಲೆಕ್ಕಕ್ಕೆ ಬರಲೇಬೇಕು. ಬ್ಯಾಟರಿ, ಕಾರ್ಡು ಸೇರಿ ಸೋನಿ 658 ಗ್ರಾಂ, ಕ್ಯಾನನ್ 670, ನಿಕಾನ್ 760. ನೂರು ಗ್ರಾಂ ಮಧ್ಯಾಹ್ನದ ಊಟದ ಹೊತ್ತಿಗೆ ಗೊತ್ತಾಗುತ್ತದೆ. ಆದರೆ ನನ್ನದು ದಪ್ಪ ಕೈ, ನಿಕಾನ್‌ನ ಹಿಡಿ ಪೂರ್ತಿ ತುಂಬುತ್ತದೆ. ಸೋನಿ ಹಿಡಿದಾಗ ಕಿರುಬೆರಳಿಗೆ ಜಾಗ ಹುಡುಕಬೇಕು. ಬ್ಯಾಟರಿಯಲ್ಲಿ ಸೋನಿ ರಾಜ: ವ್ಯೂಫೈಂಡರ್ ಬಳಸಿದರೆ ಸ್ಟ್ಯಾಂಡರ್ಡ್ ಪರೀಕ್ಷೆಯ ಪ್ರಕಾರ 520 ಶಾಟ್, ನಿಕಾನ್ 360. ಬರ್ಸ್ಟ್‌ನಲ್ಲಿ, ಅಂದರೆ ಒಂದೇ ಸಮನೆ ಸಾಲಾಗಿ, ತೆಗೆಯುವಾಗ ಎಲ್ಲವೂ ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತವೆ. ವ್ಯೂಫೈಂಡರ್ ವಿಷಯ ಬಂದರೆ ನಿಕಾನ್‌ನ 5.76 ಮಿಲಿಯನ್ ಡಾಟ್, ಉಳಿದೆರಡು 3.69. ಅಂಕಿಗಿಂತ ದೊಡ್ಡದು ಅದರ ಪ್ರಖರತೆ. ಮಟಮಟ ಮಧ್ಯಾಹ್ನ ದೇವರಾಯನದುರ್ಗದ ಬಂಡೆ ಮೇಲೆ ಪೋಸ್ಟ್-ವೆಡ್ಡಿಂಗ್ ಶೂಟ್ ಮಾಡಿ ಕಣ್ಣಿಟ್ಟು ನೋಡಿದರೆ ಡಿ750ಯ ಗಾಜಿನಲ್ಲಿ ಕಂಡಷ್ಟೇ ಸಹಜವಾಗಿ ಕಾಣುತ್ತದೆ. ಇಪ್ಪತ್ತು ವರ್ಷ ಆಪ್ಟಿಕಲ್ ವ್ಯೂಫೈಂಡರ್‌ನಲ್ಲಿ ದುಡಿದ ಕಣ್ಣಿಗೆ ಇದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಆದಮೇಲೂ ತೀರ್ಮಾನ ಮಾಡಿದ್ದು ಬಾಡಿ ಅಲ್ಲ, ಬೀರುವಿನಲ್ಲಿರುವ ಲೆನ್ಸುಗಳು. ನಿಕಾನ್‌ನ ಎಫ್ ಮೌಂಟ್, ಅಂದರೆ ಹಳೆ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಬಾಯಿ, 1959ರಿಂದ ಇದೆ. ನನ್ನ 24-120, 200-500 ಎರಡೂ ಎಫ್‌ಟಿಝಡ್ ಅಡಾಪ್ಟರ್ (ಹಳೆ ಲೆನ್ಸನ್ನು ಹೊಸ ಝಡ್ ಮೌಂಟ್‌ಗೆ ಕೂರಿಸುವ ಸಾಧನ) ಹಾಕಿದರೆ ಆಟೋಫೋಕಸ್ ಸಮೇತ ಝಡ್6 3ರಲ್ಲಿ ಓಡುತ್ತವೆ. ಹಳೆಯ 85 ಎಂಎಂ ಡಿ ಲೆನ್ಸು ಮಾತ್ರ ಓಡುವುದಿಲ್ಲ. ಅದರ ಫೋಕಸ್ ತಿರುಗಿಸುವ ಮೋಟರ್ ಇದ್ದದ್ದು ಡಿ750 ಬಾಡಿಯಲ್ಲಿ, ಅಡಾಪ್ಟರ್‌ನಲ್ಲಿ ಅದಿಲ್ಲ, ಕೈಯಲ್ಲೇ ತಿರುಗಿಸಬೇಕು. ಕ್ಯಾನನ್‌ನ ಹಳೆ ಇಎಫ್ ಲೆನ್ಸುಗಳಿಗೆ ಈ ರಗಳೆಯೇ ಇಲ್ಲ. 1987ರಲ್ಲಿ ಶುರುವಾದಾಗಲೇ ಮೋಟರನ್ನು ಲೆನ್ಸಿನೊಳಗೇ ಇಟ್ಟಿದ್ದರು, ಹಾಗಾಗಿ ಅಡಾಪ್ಟರ್ ಹಾಕಿದರೆ ಎಲ್ಲವೂ ಓಡುತ್ತವೆ. ಕ್ಯಾನನ್‌ನ ಕನ್ನಡಿಯಿರುವ ಹಳೆ ಡಿಎಸ್‌ಎಲ್‌ಆರ್ ಇದ್ದವರು ಕಣ್ಣುಮುಚ್ಚಿ ಆರ್6 ಮಾರ್ಕ್ 2ಗೆ ಹೋಗಬಹುದು. ಹೊಸದಾಗಿ ಕ್ಯಾನನ್ ಮಿರರ್‌ಲೆಸ್‌ನ ಆರ್‌ಎಫ್ ಲೆನ್ಸ್ ಕೊಳ್ಳುವಾಗ ಮಾತ್ರ ಜೇಬು ನೋಡಿಕೊಳ್ಳಬೇಕು. ಫುಲ್ ಫ್ರೇಮ್‌ಗೆ ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳ ಅಗ್ಗದ ಆಟೋಫೋಕಸ್ ದಾರಿ ಅಲ್ಲಿ ಇಲ್ಲ. ಸೋನಿಯಲ್ಲಿ ಅದೇ ದಾರಿ ಹೆದ್ದಾರಿಯಷ್ಟು ಅಗಲ, ಸೆಕೆಂಡ್ ಹ್ಯಾಂಡೂ ಧಾರಾಳ.

ನಾನು ಝಡ್6 3 ತೆಗೆದುಕೊಂಡೆ. ಲೆನ್ಸನ್ನು ಎಡಕ್ಕೆ ತಿರುಗಿಸಿ ಕೂರಿಸುವ ಅಭ್ಯಾಸ ಕೈಗೆ ಹತ್ತಿಬಿಟ್ಟಿದೆ, ಉಳಿದೆರಡರಲ್ಲಿ ಬಲಕ್ಕೆ. ಧಾರೆಯ ನೂಕುನುಗ್ಗಲಲ್ಲಿ ಕತ್ತಲಲ್ಲೇ ಲೆನ್ಸ್ ಬದಲಿಸುವಾಗ ಅದೂ ಲೆಕ್ಕಕ್ಕೆ ಬರುತ್ತದೆ. 85 ಡಿಯನ್ನು ಮಾರಿ, ಝಡ್ ಮೌಂಟ್‌ನ 85 ಎಫ್1.8ಕ್ಕೆ ಮುಂದಿನ ಸೀಸನ್‌ನ ಅಡ್ವಾನ್ಸ್ ಎತ್ತಿಟ್ಟಿದ್ದೇನೆ. ಕೈಯಲ್ಲಿ ಒಂದೂ ಲೆನ್ಸ್ ಇಲ್ಲದೆ ಹೊಸದಾಗಿ ಶುರು ಮಾಡುತ್ತಿರುವ ನನ್ನ ಅಸಿಸ್ಟೆಂಟ್‌ಗೆ ಸೋನಿ ಎ7 4, ಜೊತೆಗೆ ಟ್ಯಾಮ್ರಾನ್ 28-75 ಎಫ್2.8 ತಗೋ ಅಂದೆ. "ಅಣ್ಣ, ನೀವು ನಿಕಾನ್ ತಗೊಂಡು ನನಗ್ಯಾಕೆ ಸೋನಿ?" ಅಂದ. ಬೀರು ಬಾಗಿಲು ತೆಗೆದು ತೋರಿಸಿದೆ. ಫ್ಲ್ಯಾಶ್ ಟ್ರಿಗರ್ ಮಾತ್ರ ಇನ್ನು ಮೇಲೆ ಇಬ್ಬರಿಗೂ ಬೇರೆ ಬೇರೆ, ನನ್ನದು ಅವನ ಕ್ಯಾಮೆರಾ ಮೇಲೆ ಕೆಲಸ ಮಾಡುವುದಿಲ್ಲ. ಅದಕ್ಕೊಂದು ಸೋನಿಯ ಟ್ರಿಗರ್ ಕೂಡ ಅವನ ಲಿಸ್ಟಿಗೆ ಸೇರಿಸಿದ್ದಾಯಿತು.